ಗಣಕ ಪ್ರಶ್ನೋತ್ತರ: ಅಪ್‌ಗ್ರೇಡ್ ಆಯಿತು, ಸ್ಟೋರ್ ಮಾತ್ರ ಒಳಗೆ ಬಿಡುತ್ತಿಲ್ಲ

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಅಗ್ರಹಾರದ ನನ್ನ ದುರಸ್ತಿ ಅಂಗಡಿಗೆ ಬರುವವರ ದೂರೇ ಬದಲಾಗಿದೆ. ಮೊದಲೆಲ್ಲ ‘ನಿಧಾನವಾಗಿದೆ’, ‘ವೈರಸ್ ಹೊಕ್ಕಿದೆ’ ಎನ್ನುತ್ತಿದ್ದರು. ಈಗ ಹೊಸ ವ್ಯವಸ್ಥೆ ಹಾಕಿಸಿಕೊಂಡು, ‘ಎಲ್ಲ ಚೆನ್ನಾಗಿದೆ ಮೇಡಂ, ಆಪ್ ಸ್ಟೋರ್ ಮಾತ್ರ ಸೈನ್ ಇನ್ ಆಗುತ್ತಿಲ್ಲ’ ಎನ್ನುತ್ತಾರೆ. ಈ ತಿಂಗಳ ಅಂಚೆಯಲ್ಲೂ ಅದೇ ಮಾತು. ಪ್ರಿಂಟರ್, ವೈಫೈ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಇಲ್ಲಿ ಈ ಒಂದೇ ತೊಂದರೆಯ ಪತ್ರಗಳಿಗೆ ಉತ್ತರಿಸಿದ್ದೇನೆ.

ಪ್ರಶ್ನೆ: ಮಗನ ಸ್ನೇಹಿತ ನನ್ನ ಲ್ಯಾಪ್‌ಟಾಪಿಗೆ ವಿಂಡೋಸ್ 11 ಹಾಕಿಕೊಟ್ಟ. ಸ್ಟೋರ್ ತೆರೆದು ಸೈನ್ ಇನ್ ಒತ್ತಿದರೆ ಪಾಸ್‌ವರ್ಡ್ ಕೇಳುತ್ತದೆ, ಚಕ್ರ ಸುತ್ತುತ್ತದೆ, ಕೊನೆಗೆ ‘ಏನೋ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ’ ಎಂದು ಬರುತ್ತದೆ. ಮೊಬೈಲಿನಲ್ಲಿ ಅದೇ ಪಾಸ್‌ವರ್ಡಿಗೆ ಇ-ಮೇಲ್ ತೆರೆಯುತ್ತದೆ. ಬಡಾವಣೆಯ ಅಂಗಡಿಯವರು ಫಾರ್ಮ್ಯಾಟ್ ಮಾಡಲೇಬೇಕು ಎನ್ನುತ್ತಾರೆ. ಮೂವತ್ತು ವರ್ಷದ ಪಾಠದ ಟಿಪ್ಪಣಿಗಳು ಅದರಲ್ಲಿವೆ, ಕೈ ನಡುಗುತ್ತದೆ.
— ನಿವೃತ್ತ ಶಿಕ್ಷಕಿ, ಕುವೆಂಪುನಗರ, ಮೈಸೂರು

ಉತ್ತರ: ಫಾರ್ಮ್ಯಾಟ್ ಮಾಡಿಸಬೇಡಿ. ನಿಮ್ಮ ಪತ್ರದಲ್ಲಿ ಅರ್ಧ ಉತ್ತರ ನೀವೇ ಬರೆದಿದ್ದೀರಿ: ಅದೇ ಪಾಸ್‌ವರ್ಡಿಗೆ ಮೊಬೈಲ್ ತೆರೆಯುತ್ತದೆ. ಅಂದರೆ ಖಾತೆ ಗಟ್ಟಿಯಾಗಿದೆ, ದೋಷ ಇರುವುದು ಲ್ಯಾಪ್‌ಟಾಪಿನಲ್ಲಿ. ಸ್ಟೋರ್ ಬಾಗಿಲಲ್ಲಿ ಮೂರು ವಿಷಯಗಳ ತಪಾಸಣೆ ನಡೆಯುತ್ತದೆ. ನೀವು ಯಾರು, ಯಾವ ಯಂತ್ರದಿಂದ ಬಂದಿದ್ದೀರಿ, ಈಗ ಹೊತ್ತೆಷ್ಟು. ಮೂರರಲ್ಲಿ ಯಾವುದು ತಪ್ಪಿದೆ ಎಂದು ಕಂಡುಕೊಳ್ಳುವ ಮುಂಚೆ ಯಾವ ಗುಂಡಿಯನ್ನೂ ಒತ್ತಬಾರದು.

ನಿಮ್ಮ ಮನೆ ನನ್ನ ಮನೆಯಿಂದ ಎರಡು ಬೀದಿ ಆಚೆ ಇದ್ದುದರಿಂದ ಜನವರಿಯ ಒಂದು ಸಂಜೆ ನಾನೇ ಬಂದು ನೋಡಿದೆನಲ್ಲ, ಅಲ್ಲಿ ಕಂಡದ್ದನ್ನು ಉಳಿದ ಓದುಗರಿಗೂ ಹೇಳಬೇಕು. ಪರದೆಯ ಮೂಲೆಯಲ್ಲಿ ಗಡಿಯಾರ 5.40 ತೋರಿಸುತ್ತಿತ್ತು. ಗೋಡೆಯ ಗಡಿಯಾರದಲ್ಲೂ 5.40. ‘ಮೊದಲು ಏನೇನೋ ತೋರಿಸುತ್ತಿತ್ತು, ನಾನೇ ತಿದ್ದಿದೆ’ ಎಂದು ನೀವು ಹೇಳಿದಿರಿ. ಆ ಮಾತಿಗೆ ನನ್ನ ಕಿವಿ ನೆಟ್ಟಗಾಯಿತು. ಗಡಿಯಾರದ ಮೇಲೆ ಬಲಗುಂಡಿ ಒತ್ತಿ ದಿನಾಂಕ ಮತ್ತು ಸಮಯದ ಪುಟ ತೆರೆದಾಗ ‘ಟೈಮ್ ಜೋನ್’ ಎಂಬಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ವಲಯ ಕುಳಿತಿತ್ತು. ಮಗನ ಸ್ನೇಹಿತ ಸಿ ಡ್ರೈವಿನಲ್ಲಿ ವಿಂಡೋಸ್ ಅನ್ನು ಹೊಸದಾಗಿ ಹಾಕುವಾಗ ಭಾರತದ ವಲಯವನ್ನು ಆರಿಸದೆ ಮುಂದೆ ಹೋಗಿದ್ದಾನೆ. ನೀವು ವಲಯವನ್ನು ಮುಟ್ಟದೆ ಮುಳ್ಳನ್ನು ಮಾತ್ರ ತಿರುಗಿಸಿದ್ದೀರಿ.

ಇದರಿಂದ ಏನಾಯಿತು ನೋಡಿ. ಕಂಪ್ಯೂಟರ್ ಹೊರಗಿನವರೊಡನೆ ಮಾತಾಡುವುದು ವಿಶ್ವ ಸಮಯದಲ್ಲಿ. ಭಾರತದ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ; ಆ ಕರಾವಳಿಯ ಗಡಿಯಾರ ಚಳಿಗಾಲದಲ್ಲಿ ಎಂಟು ಗಂಟೆ ಹಿಂದೆ. ಎರಡೂ ಸೇರಿದರೆ ಹದಿಮೂರೂವರೆ ಗಂಟೆಯ ವ್ಯತ್ಯಾಸ. ಕುವೆಂಪುನಗರದಲ್ಲಿ ಸಂಜೆ 5.40 ಆಗಿದ್ದಾಗ ನಿಮ್ಮ ಲ್ಯಾಪ್‌ಟಾಪಿನ ಲೆಕ್ಕದಲ್ಲಿ ಇಲ್ಲಿ ಮಾರನೆಯ ದಿನ ಬೆಳಿಗ್ಗೆ 7.10. ಸೈನ್ ಇನ್ ಆದಾಗ ಸರ್ವರ್ ಕೊಡುವ ಗುರುತಿನ ಚೀಟಿಗೆ ಇಷ್ಟು ಹೊತ್ತಿನಿಂದ ಇಷ್ಟು ಹೊತ್ತಿನವರೆಗೆ ಎಂಬ ಅವಧಿ ಇರುತ್ತದೆ. ನಿಮ್ಮ ಯಂತ್ರಕ್ಕೆ ಅದು ಕೈಗೆ ಬರುವಾಗಲೇ ಹಳಸಿದ ಚೀಟಿ. ಪಾಸ್‌ವರ್ಡ್ ಸರಿಯಾಗಿದ್ದರೂ ಒಳಗೆ ಬಿಡದ್ದು ಅದಕ್ಕೇ. ನಮ್ಮ ಮೈಸೂರಿನ ದೊಡ್ಡ ಗಡಿಯಾರದ ಮುಖದ ಮೇಲೆ ಕನ್ನಡ ಅಂಕಿಗಳಿವೆ; ಅದು ತೋರಿಸುವುದು ಯಾವ ಊರಿನ ಹೊತ್ತು ಎಂದು ಯಾರೂ ಕೇಳುವುದಿಲ್ಲ. ಕಂಪ್ಯೂಟರಿಗೆ ಊರನ್ನೂ ಹೇಳಿಕೊಡಬೇಕು.

ವಲಯದ ಪಟ್ಟಿಯಲ್ಲಿ ಚೆನ್ನೈ, ಕೋಲ್ಕತ್ತ, ಮುಂಬೈ, ನವದೆಹಲಿ ಎಂದಿರುವ ಸಾಲನ್ನು ಆರಿಸಿ, ಸಮಯ ತಾನಾಗಿ ಹೊಂದಿಕೊಳ್ಳುವ ಗುಂಡಿಯನ್ನು ಚಾಲೂ ಮಾಡಿ, ‘ಸಿಂಕ್ ನೌ’ ಒತ್ತಿ, ಯಂತ್ರವನ್ನು ಒಮ್ಮೆ ಮುಚ್ಚಿ ತೆರೆದೆವು. ಸ್ಟೋರ್ ಮೊದಲ ಪ್ರಯತ್ನಕ್ಕೇ ಒಳಗೆ ಬಿಟ್ಟಿತು. ಇಷ್ಟಕ್ಕೆ ಫಾರ್ಮ್ಯಾಟ್ ಎಂದವರ ಮೇಲೆ ನನಗೆ ಕೋಪವಿದೆ. ಒಬ್ಬ ಶಿಕ್ಷಕಿಯ ಮೂವತ್ತು ವರ್ಷದ ದುಡಿಮೆಯನ್ನು ಅಳಿಸುವ ಮುಂಚೆ ಗಡಿಯಾರವನ್ನು ನೋಡುವಷ್ಟು ವ್ಯವಧಾನ ಇರಬೇಕು.

ಡೆಸ್ಕ್‌ಟಾಪ್ ಇರುವವರಲ್ಲಿ ಇದೇ ತೊಂದರೆ ಇನ್ನೊಂದು ರೂಪದಲ್ಲಿ ಬರುತ್ತದೆ. ರಾತ್ರಿ ಗೋಡೆಯ ಸ್ವಿಚ್ ಆರಿಸಿ ಮಲಗುವ ಮನೆಗಳಲ್ಲಿ, ಬೆಳಿಗ್ಗೆ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿರುತ್ತದೆ. ಮದರ್‌ಬೋರ್ಡಿನ ಮೇಲೆ ನಾಣ್ಯದಂತೆ ಕುಳಿತಿರುವ ಸಿಆರ್2032 ಎಂಬ 3 ವೋಲ್ಟಿನ ಬ್ಯಾಟರಿ ಸತ್ತಿದೆ ಎಂದು ಅರ್ಥ. ದಿನಾಂಕ ಅಷ್ಟು ಹಿಂದೆ ಹೋದರೆ ಜಾಲತಾಣಗಳ ಭದ್ರತಾ ಪ್ರಮಾಣಪತ್ರಗಳು ‘ಇನ್ನೂ ಜಾರಿಗೆ ಬಂದಿಲ್ಲ’ ಎಂದು ಯಂತ್ರ ಭಾವಿಸುತ್ತದೆ. ಸ್ಟೋರ್ 0ಎಕ್ಸ್80072ಎಫ್8ಎಫ್ ಎಂಬ ಸಂಖ್ಯೆ ತೋರಿಸಿದರೆ ಮೊದಲು ದಿನಾಂಕವನ್ನೇ ನೋಡಿ. ವಾಚ್ ಅಂಗಡಿಯಲ್ಲೂ ಆ ಬ್ಯಾಟರಿ ಸಿಗುತ್ತದೆ.

ಗಡಿಯಾರ, ವಲಯ ಎರಡೂ ಸರಿಯಿದ್ದು ಬಾಗಿಲು ತೆರೆಯದಿದ್ದರೆ? ವಿಂಡೋಸ್ ಕೀಲಿಯ ಜೊತೆ ಆರ್ ಒತ್ತಿ, ಬರುವ ಚಿಕ್ಕ ಪೆಟ್ಟಿಗೆಯಲ್ಲಿ ಡಬ್ಲ್ಯು, ಎಸ್, ಆರ್, ಇ, ಎಸ್, ಇ, ಟಿ ಎಂಬ ಏಳು ಇಂಗ್ಲಿಷ್ ಅಕ್ಷರಗಳನ್ನು ಜಾಗ ಬಿಡದೆ ಬರೆದು ಎಂಟರ್ ಒತ್ತಿ. ಖಾಲಿ ಕಪ್ಪು ಕಿಟಕಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತದೆ. ಗಾಬರಿಯಿಂದ ಮುಚ್ಚಬೇಡಿ, ಅದು ಸ್ಟೋರಿನ ಹಳೆಯ ತಾತ್ಕಾಲಿಕ ಕಡತಗಳನ್ನು ಗುಡಿಸುತ್ತಿರುತ್ತದೆ, ಕೆಲಸ ಮುಗಿದ ಮೇಲೆ ಸ್ಟೋರನ್ನು ತಾನೇ ತೆರೆಯುತ್ತದೆ. ಇಂಟರ್ನೆಟ್ ಚೆನ್ನಾಗಿ ನಡೆಯುತ್ತಿದ್ದರೂ ‘ನಿಮಗೆ ಇಂಟರ್ನೆಟ್ ಬೇಕು’ ಎಂದು 0ಎಕ್ಸ್800704ಸಿಎಫ್ ಸಂಖ್ಯೆಯೊಡನೆ ಬಂದರೆ, ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ ಪ್ರಾಕ್ಸಿ (ನಿಮ್ಮ ಇಂಟರ್ನೆಟ್ ಸಂಪರ್ಕವನ್ನು ನಡುವೆ ನಿಂತು ದಾಟಿಸುವ ಸರ್ವರ್) ಚಾಲೂ ಆಗಿದೆಯೇ ನೋಡಿ, ಆಗಿದ್ದರೆ ಆಫ್ ಮಾಡಿ. ಕಂಪ್ಯೂಟರನ್ನು ‘ವೇಗ ಮಾಡುವ’ ತಂತ್ರಾಂಶ ಹಾಕಿಸಿಕೊಂಡವರಿಗೆ ಇನ್ನೊಂದು ಪೆಟ್ಟು ಬಿದ್ದಿರುತ್ತದೆ: ‘ಮೈಕ್ರೋಸಾಫ್ಟ್ ಅಕೌಂಟ್ ಸೈನ್-ಇನ್ ಅಸಿಸ್ಟೆಂಟ್’ ಎಂಬ ಸೇವೆಯನ್ನು ಅದು ಅನವಶ್ಯಕವೆಂದು ಬಗೆದು ನಿಲ್ಲಿಸಿರುತ್ತದೆ. ಸರ್ವಿಸಸ್ ಪಟ್ಟಿಯಲ್ಲಿ ಅದು ‘ಡಿಸೇಬಲ್ಡ್’ ಎಂದಿದ್ದರೆ ‘ಮ್ಯಾನುಯಲ್’ ಎಂದು ಬದಲಿಸಿ. ಆ ವೇಗದ ತಂತ್ರಾಂಶವನ್ನು ತೆಗೆದುಹಾಕಿ.

ಪ್ರಶ್ನೆ: ದಿನಾ ನಾಲ್ಕು ಅಂಕಿ ಹಾಕಿ ಕಂಪ್ಯೂಟರ್ ತೆರೆಯುತ್ತೇನೆ. ಅಪ್‌ಗ್ರೇಡ್ ಆದ ಮೇಲೆ ಸ್ಟೋರ್ ಆ ಅಂಕಿಯನ್ನೇ ತಪ್ಪು ಎನ್ನುತ್ತದೆ. ಇದು ಹೇಗೆ ಸಾಧ್ಯ?
— ವಿಮಾ ಪ್ರತಿನಿಧಿ, ಶ್ರೀರಂಗಪಟ್ಟಣ

ಉತ್ತರ: ಆ ನಾಲ್ಕಂಕಿ ಪಿನ್, ಪಾಸ್‌ವರ್ಡ್ ಅಲ್ಲ. ಪಿನ್ ಆ ಒಂದು ಯಂತ್ರಕ್ಕೆ ಮಾತ್ರ ಸಲ್ಲುತ್ತದೆ, ಮನೆಯ ಬೀಗದ ಕೈ ಇದ್ದ ಹಾಗೆ. ಅದು ಬ್ಯಾಂಕಿನ ಲಾಕರ್ ತೆರೆಯುವುದಿಲ್ಲ. ಸ್ಟೋರ್ ಕೇಳುತ್ತಿರುವುದು ಖಾತೆ ತೆರೆದ ದಿನ ನೀವು ಇಟ್ಟ ಪಾಸ್‌ವರ್ಡನ್ನು. ವರ್ಷಗಟ್ಟಲೆ ಪಿನ್ ಬಳಸಿದವರು ಅದನ್ನು ಮರೆಯುವುದು ಸಹಜ. ಐದಾರು ಸಲ ಊಹಿಸಿ ಖಾತೆಗೆ ಬೀಗ ಬೀಳಿಸಿಕೊಳ್ಳುವ ಬದಲು ‘ಫರ್ಗಾಟ್ ಪಾಸ್‌ವರ್ಡ್’ ಒತ್ತಿ, ಮೊಬೈಲಿಗೆ ಬರುವ ಸಂಕೇತದಿಂದ ಹೊಸದನ್ನು ಇಟ್ಟುಕೊಳ್ಳಿ, ನೋಟ್‌ಬುಕ್ಕಿನಲ್ಲಿ ಬರೆದು ಬೀರುವಿನಲ್ಲಿಡಿ.

ಪ್ರಶ್ನೆ: ಪಾಸ್‌ವರ್ಡ್ ಕಾಗದದ ಮೇಲೆ ಬರೆದಿಟ್ಟಿದ್ದೇನೆ, ಒಂದೊಂದೇ ಅಕ್ಷರ ನೋಡಿ ಒತ್ತುತ್ತೇನೆ, ಆದರೂ ತಪ್ಪು ಎನ್ನುತ್ತದೆ. ಅಪ್‌ಗ್ರೇಡಿಗೆ ಮುಂಚೆ ಇದೇ ಪಾಸ್‌ವರ್ಡ್ ನಡೆಯುತ್ತಿತ್ತು.
— ಡಿಟಿಪಿ ಕೆಲಸಗಾರ, ಸರಸ್ವತಿಪುರಂ, ಮೈಸೂರು

ಉತ್ತರ: ಕನ್ನಡದಲ್ಲಿ ಕೆಲಸ ಮಾಡುವ ನಮ್ಮಂಥವರಿಗೇ ಹೆಚ್ಚಾಗಿ ಬರುವ ತೊಂದರೆ ಇದು. ಇಂಗ್ಲಿಷಿನಲ್ಲಿ ಬರೆದ ಸಹಾಯಪುಟಗಳಲ್ಲಿ ಇದರ ಉತ್ತರ ಸುಲಭಕ್ಕೆ ಸಿಗುವುದಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪಾಸ್‌ವರ್ಡ್ ಪೆಟ್ಟಿಗೆಯಲ್ಲಿ ಚುಕ್ಕೆಗಳು ಮಾತ್ರ ಕಾಣುತ್ತವೆ. ಎಂಟು ಕೀಲಿ ಒತ್ತಿದರೆ ಎಂಟು ಚುಕ್ಕೆ. ಒಳಗೆ ಬಿದ್ದದ್ದು ಯಾವ ಲಿಪಿ ಎಂದು ಚುಕ್ಕೆ ಹೇಳುವುದಿಲ್ಲ. ಕಳೆದ ತಿಂಗಳು ನಿಮ್ಮಂತೆಯೇ ಡಿಟಿಪಿ ಮಾಡುವ ಒಬ್ಬ ಹೆಣ್ಣುಮಗಳು ಲ್ಯಾಪ್‌ಟಾಪ್ ತಂದಿದ್ದರು. ಅವರು ಒತ್ತುವುದನ್ನು ಪಕ್ಕದಲ್ಲಿ ಕುಳಿತು ನೋಡಿದೆ, ಒಂದು ಕೀಲಿಯೂ ತಪ್ಪಲಿಲ್ಲ. ಪೆಟ್ಟಿಗೆಯ ಬಲತುದಿಯಲ್ಲಿ ಕಣ್ಣಿನ ಗುರುತು ಇರುತ್ತದೆ. ಅದನ್ನು ಒತ್ತಿದಾಗ ಚುಕ್ಕೆಗಳೆಲ್ಲ ಮಾಯವಾಗಿ ಅಲ್ಲಿ ‘ಮ’ಕಾರ, ‘ನ’ಕಾರ, ಜೋಡಿಯಾಗದೆ ತೇಲುತ್ತಿದ್ದ ಒಂದು ಇಳಿ, ಒಂದು ಅರ್ಕಾವೊತ್ತು ಕಾಣಿಸಿದವು. ಅಪ್‌ಗ್ರೇಡ್ ಆದಾಗ ಭಾಷೆಗಳ ಸಾಲು ಅದಲುಬದಲಾಗಿ ಕನ್ನಡದ ಇನ್‌ಸ್ಕ್ರಿಪ್ಟ್ ಕೀಲಿಮಣೆ ಮೊದಲ ಸ್ಥಾನಕ್ಕೆ ಬಂದಿತ್ತು. ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿ ಇಂಗ್ಲಿಷಿಗೆ ತಂದಾಗ ಅದೇ ಪಾಸ್‌ವರ್ಡ್ ನಡೆಯಿತು. ಮೂರು ದಿನದಿಂದ ಅವರ ಮದುವೆ ಪತ್ರಿಕೆಯ ಕೆಲಸ ನಿಂತುಹೋಗಿತ್ತು.

ಇಂಗ್ಲಿಷ್ ಎಂದು ತೋರಿಸಿದರೂ ಇನ್ನೊಂದು ಹೆಜ್ಜೆ ಮುಂದೆ ಹೋಗಿ ನೋಡಿ. ಅದು ಅಮೆರಿಕದ ಕೀಲಿಮಣೆಯೋ ಬ್ರಿಟನ್ನಿನದೋ? ನಮ್ಮಲ್ಲಿ ಮಾರುವ ಲ್ಯಾಪ್‌ಟಾಪುಗಳ ಕೀಲಿಗಳ ಮೇಲೆ ಅಚ್ಚಾಗಿರುವುದು ಹೆಚ್ಚಾಗಿ ಅಮೆರಿಕದ ಕ್ರಮ. ವ್ಯವಸ್ಥೆ ಬ್ರಿಟನ್ ಕ್ರಮದಲ್ಲಿದ್ದರೆ ಶಿಫ್ಟ್ ಹಿಡಿದು 2 ಒತ್ತಿದಾಗ @ ಬರುವುದಿಲ್ಲ, ಜೋಡಿ ಉದ್ಧರಣ ಚಿಹ್ನೆ ಬರುತ್ತದೆ. ಪಾಸ್‌ವರ್ಡಿನಲ್ಲಿ @ ಇಟ್ಟುಕೊಳ್ಳದವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ? ನೋಟ್‌ಪ್ಯಾಡ್ ತೆರೆದು ಪಾಸ್‌ವರ್ಡನ್ನು ಒಮ್ಮೆ ಅಲ್ಲಿ ಬರೆದು ನೋಡಿ, ಕಣ್ಣಿಗೆ ಕಾಣುತ್ತದೆ. ನೋಡಿದ ಮೇಲೆ ಉಳಿಸದೆ ಅಳಿಸಿಬಿಡಿ.

ಪ್ರಶ್ನೆ: ನಮ್ಮ ಸ್ಟುಡಿಯೋದ ಐಮ್ಯಾಕ್‌ನ ಡಿಸ್ಕ್ ಬದಲಾಯಿಸಿ, ಟೈಮ್ ಮಷೀನ್ ಬ್ಯಾಕಪ್ಪಿನಿಂದ ಎಲ್ಲವನ್ನೂ ಮರಳಿ ತಂದು ಮ್ಯಾಕ್ ಓಎಸ್ ಅಪ್‌ಗ್ರೇಡ್ ಮಾಡಿದೆವು. ಈಗ ಆಪ್ ಸ್ಟೋರಿಗೆ ಹೋದರೆ ‘ನಿಮ್ಮ ಕಂಪ್ಯೂಟರನ್ನು ದೃಢೀಕರಿಸಲು ಆಗಲಿಲ್ಲ’ ಎಂಬ ಅರ್ಥದ ಸಂದೇಶ ಬರುತ್ತದೆ. ಮದುವೆ ಸೀಸನ್ ಹತ್ತಿರ ಬಂತು.
— ಛಾಯಾಗ್ರಾಹಕ, ಮಂಡ್ಯ

ಉತ್ತರ: ನೀವು ಯಾರು ಎಂಬುದರಲ್ಲಿ ತೊಂದರೆ ಇಲ್ಲ. ಯಂತ್ರ ಯಾವುದು ಎಂಬ ಎರಡನೆಯ ಪ್ರಶ್ನೆಯಲ್ಲಿ ನೀವು ಸಿಕ್ಕಿಕೊಂಡಿದ್ದೀರಿ. ಮ್ಯಾಕ್ ತನ್ನ ಗುರುತು ಹೇಳುವಾಗ ತನ್ನ ಮೊದಲ ಜಾಲದ್ವಾರದ, ಅಂದರೆ ಯಂತ್ರವನ್ನು ಜಾಲಕ್ಕೆ ಸೇರಿಸುವ ಭಾಗದ, ವಿಳಾಸವನ್ನೂ ಹೇಳುತ್ತದೆ. ಆ ದ್ವಾರದ ಹೆಸರು ಇಎನ್0. ಡಿಸ್ಕ್ ಬದಲಾಗಿ ಹಳೆಯ ಬ್ಯಾಕಪ್ ಬಂದಾಗ ದ್ವಾರಗಳ ಎಣಿಕೆ ತಪ್ಪಿಹೋಗಿ, ಇಎನ್0 ಇರಬೇಕಾದ ಜಾಗದಲ್ಲಿ ಬೇರೆ ಯಾವುದೋ ಬಂದು ಕೂರುವುದುಂಟು.

ಫೈಂಡರ್‌ನಲ್ಲಿ ಡಿಸ್ಕಿನ ಬುಡದ ಲೈಬ್ರರಿಗೆ ಹೋಗಿ. ನಿಮ್ಮ ಹೆಸರಿನ ಕೋಶದೊಳಗಿನ ಲೈಬ್ರರಿ ಅಲ್ಲ, ಬುಡದ್ದು. ಅದರಲ್ಲಿ ಪ್ರಿಫರೆನ್ಸಸ್, ಅದರೊಳಗೆ ಸಿಸ್ಟಮ್ ಕಾನ್ಫಿಗರೇಷನ್. ಅಲ್ಲಿ ನೆಟ್‌ವರ್ಕ್ ಇಂಟರ್ಫೇಸಸ್ ಎಂಬ ಪಿಲಿಸ್ಟ್ ಕಡತವನ್ನು ಒಂದು ಪ್ರತಿ ಡೆಸ್ಕ್‌ಟಾಪಿಗೆ ಇಟ್ಟುಕೊಂಡು ಅಲ್ಲಿಂದ ತೆಗೆಯಿರಿ. ಆಡಳಿತಗಾರರ ಪಾಸ್‌ವರ್ಡ್ ಕೇಳುತ್ತದೆ. ಮ್ಯಾಕನ್ನು ಮುಚ್ಚಿ ತೆರೆದಾಗ ಅದು ದ್ವಾರಗಳನ್ನು ಹೊಸದಾಗಿ ಎಣಿಸಿ ಕಡತವನ್ನು ತಾನೇ ಬರೆದುಕೊಳ್ಳುತ್ತದೆ. ವೈಫೈ ಅನ್ನು ಮತ್ತೊಮ್ಮೆ ಜೋಡಿಸಬೇಕಾಗಬಹುದು. ನಂತರ ಆಪ್ ಸ್ಟೋರಿನ ಸ್ಟೋರ್ ಮೆನುವಿನಲ್ಲಿ ಸೈನ್ ಔಟ್ ಆಗಿ ಮತ್ತೆ ಸೈನ್ ಇನ್ ಆಗಿ. ಒಂದು ಮದುವೆಯ ಚಿತ್ರಗಳು ಎಡಿಟಿಂಗ್‌ನ ನಡುವೆ ಇದ್ದರೆ ಮೊದಲು ಅದನ್ನು ಮುಗಿಸಿ ಕೊಟ್ಟು ಆಮೇಲೆ ಇದಕ್ಕೆ ಕೈ ಹಾಕಿ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಮ್ಯಾಕ್‌ಬುಕ್ ಕೊಂಡೆ. ಅಪ್‌ಗ್ರೇಡ್ ಆದ ಮೇಲೆ ಗ್ಯಾರೇಜ್‌ಬ್ಯಾಂಡ್ ಅಪ್‌ಡೇಟ್ ಮಾಡಲು ಹೋದರೆ ಯಾರದೋ ಇ-ಮೇಲ್ ತೋರಿಸಿ ಅವರ ಪಾಸ್‌ವರ್ಡ್ ಕೇಳುತ್ತದೆ.
— ಸಂಗೀತ ವಿದ್ಯಾರ್ಥಿ, ಲಕ್ಷ್ಮೀಪುರಂ, ಮೈಸೂರು

ಉತ್ತರ: ಮ್ಯಾಕ್ ಆಪ್ ಸ್ಟೋರಿನಿಂದ ಇಳಿಸಿದ ಆಪ್ ಯಂತ್ರಕ್ಕೆ ಸೇರಿದ್ದಲ್ಲ, ಇಳಿಸಿದವರ ಖಾತೆಗೆ ಸೇರಿದ್ದು. ಹಳೆಯ ಒಡೆಯರನ್ನು ಹುಡುಕಿ ಪಾಸ್‌ವರ್ಡ್ ಕೇಳಬೇಡಿ. ಆ ಆಪನ್ನು ಕಸದಬುಟ್ಟಿಗೆ ಹಾಕಿ, ನಿಮ್ಮ ಖಾತೆಯಿಂದ ಒಳಗೆ ಹೋಗಿ ಮತ್ತೆ ಇಳಿಸಿಕೊಳ್ಳಿ. ಗ್ಯಾರೇಜ್‌ಬ್ಯಾಂಡ್ ಉಚಿತ, ನಿಮ್ಮ ರಾಗಗಳ ಕಡತಗಳು ಬೇರೆ ಕೋಶದಲ್ಲಿ ಇರುತ್ತವೆ. ಸೈನ್ ಇನ್ ಆದ ಮೇಲೆ ಹಣ ಪಾವತಿಯ ವಿವರ ಕೇಳಿದರೆ ಹಳೆಯ ಡೆಬಿಟ್ ಕಾರ್ಡನ್ನು ಮತ್ತೆ ಮತ್ತೆ ಒತ್ತಬೇಡಿ. ಭಾರತದಲ್ಲಿ 2022ರಲ್ಲಿ ಆ್ಯಪಲ್ ಕಾರ್ಡ್ ಪಾವತಿ ನಿಲ್ಲಿಸಿ ಯುಪಿಐ, ನೆಟ್ ಬ್ಯಾಂಕಿಂಗ್ ಮತ್ತು ಖಾತೆಯ ಬ್ಯಾಲೆನ್ಸ್‌ಗೆ ಹೋಯಿತು. ಯುಪಿಐ ಕೊಟ್ಟು ನೋಡಿ.

ಪ್ರಶ್ನೆ: ಬೆಲ್ಲದ ಮಂಡಿಯ ಲೆಕ್ಕಕ್ಕೆ ಸ್ಟೋರಿನಿಂದ ಹಣ ಕೊಟ್ಟು ಒಂದು ಆಪ್ ಕೊಂಡಿದ್ದೆ. ಕಂಪ್ಯೂಟರ್ ಅಂಗಡಿಯವರು ವಿಂಡೋಸ್ 11 ಹಾಕಿಕೊಟ್ಟ ಮೇಲೆ ಸ್ಟೋರ್ ಕೇಳುವ ಸಂಕೇತ ಹಳೆಯ ಮೊಬೈಲ್ ಸಂಖ್ಯೆಗೆ ಹೋಗುತ್ತಿದೆ. ಆ ಸಿಮ್ ಬಿಟ್ಟು ಎರಡು ವರ್ಷವಾಯಿತು. ಪಾಸ್‌ವರ್ಡ್ ನೆನಪಿದೆ. ಸುಮ್ಮನೆ ಹೊಸ ಖಾತೆ ತೆರೆದುಬಿಡಲೇ?
— ಬೆಲ್ಲದ ವ್ಯಾಪಾರಿ, ಮಂಡ್ಯ

ಉತ್ತರ: ತೆರೆಯಬೇಡಿ. ನೀವು ಹಣ ಕೊಟ್ಟ ಆಪ್ ಹಳೆಯ ಖಾತೆಯ ಹೆಸರಿನಲ್ಲಿದೆ, ಹೊಸ ಖಾತೆಗೆ ಅದು ಬರುವುದಿಲ್ಲ. ಆಪ್ ಈಗ ನಡೆಯುತ್ತಿದ್ದರೆ ಅದನ್ನು ತೆಗೆದು ಮತ್ತೆ ಹಾಕುವ ಪ್ರಯತ್ನವನ್ನೂ ಮಾಡಬೇಡಿ, ಲೆಕ್ಕ ಬರೆಯುತ್ತಿರಿ.

ಬಿಟ್ಟ ಸಂಖ್ಯೆಯನ್ನು ಕನಿಷ್ಠ 90 ದಿನ ಕಾದ ಮೇಲೆ ಕಂಪನಿ ಇನ್ನೊಬ್ಬರಿಗೆ ಕೊಡಬಹುದು. ಎರಡು ವರ್ಷವಾದ ನಿಮ್ಮ ಸಂಖ್ಯೆ ಈಗ ಯಾರದೋ ಕೈಯಲ್ಲಿರಬಹುದು, ನಿಮ್ಮ ಖಾತೆಯ ಸಂಕೇತಗಳು ಅವರ ಫೋನಿಗೆ ಬೀಳುತ್ತಿರಬಹುದು. ಆದ್ದರಿಂದ ಇದನ್ನು ಮುಂದೂಡಬೇಡಿ. ಸಂಕೇತ ಕೇಳುವ ಪರದೆಯಲ್ಲಿ ‘ಇವುಗಳಲ್ಲಿ ಯಾವುದೂ ನನ್ನ ಬಳಿ ಇಲ್ಲ’ ಎಂಬ ಅರ್ಥದ ಸಾಲು ಇರುತ್ತದೆ. ಅದನ್ನು ಒತ್ತಿ ಹೊಸ ಸಂಖ್ಯೆ ಕೊಡಿ. ಗುರುತಿನ ವಿವರಗಳನ್ನೆಲ್ಲ ಹೀಗೆ ಒಟ್ಟಿಗೆ ಬದಲಾಯಿಸಿದರೆ ಮೈಕ್ರೋಸಾಫ್ಟ್ 30 ದಿನ ಕಾಯಿಸುತ್ತದೆ. ಕಳ್ಳನೊಬ್ಬ ಹೀಗೆಯೇ ಬದಲಾಯಿಸಲು ಹೊರಟಿದ್ದರೆ ನಿಜವಾದ ಒಡೆಯನಿಗೆ ತಡೆಯಲು ಸಮಯ ಸಿಗಲಿ ಎಂದು ಆ ಕಾಯುವಿಕೆ. ಮಧ್ಯೆ ಯಾರು ಏನೇ ಹೇಳಿದರೂ ಕೋರಿಕೆಯನ್ನು ರದ್ದು ಮಾಡಬೇಡಿ, ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತದೆ.

ಇನ್ನೊಂದನ್ನು ನೀವು ಕೇಳಿಲ್ಲ, ನಾನೇ ಹೇಳುತ್ತೇನೆ, ಏಕೆಂದರೆ ಈ ಪತ್ರಗಳಲ್ಲೆಲ್ಲ ನನಗೆ ನಿದ್ದೆ ಕೆಡಿಸಿದ್ದು ಇದೇ. ಸೆಟ್ಟಿಂಗ್ಸ್ ತೆರೆದು ‘ಅಕೌಂಟ್ಸ್’ ಎಂಬಲ್ಲಿ ಯಾರ ಇ-ಮೇಲ್ ಇದೆ ನೋಡಿ. ಕೆಲಸ ಬೇಗ ಮುಗಿಯಲಿ ಎಂದು ಕೆಲವು ಅಂಗಡಿಗಳವರು ಗಿರಾಕಿಯ ಕಂಪ್ಯೂಟರಿನಲ್ಲಿ ತಮ್ಮ ಅಂಗಡಿಯ ಖಾತೆಯನ್ನೇ ಹಾಕಿ ವಿಂಡೋಸ್ ಹೊಂದಿಸಿಬಿಡುತ್ತಾರೆ. ಹಲವು ಹೊಸ ಯಂತ್ರಗಳಲ್ಲಿ ವಿಂಡೋಸ್ 11 ಮೈಕ್ರೋಸಾಫ್ಟ್ ಖಾತೆ ಸಿಕ್ಕಿದೊಡನೆ ಡಿಸ್ಕನ್ನು ಗೂಢಲಿಪಿಗೆ ತಿರುಗಿಸುತ್ತದೆ, ಅದನ್ನು ಬಿಡಿಸುವ 48 ಅಂಕಿಯ ಕೀಲಿಯನ್ನು ಆ ಖಾತೆಯಲ್ಲಿ ಇಡುತ್ತದೆ. ಖಾತೆ ಅಂಗಡಿಯದಾದರೆ ನಿಮ್ಮ ಮಂಡಿಯ ಲೆಕ್ಕದ ಕೀಲಿ ಅಂಗಡಿಯವರ ಬಳಿ ಇರುತ್ತದೆ. ಮುಂದೊಂದು ದಿನ ಯಂತ್ರ ಆ ಕೀಲಿ ಕೇಳಿದಾಗ ಅಂಗಡಿಯೇ ಮುಚ್ಚಿದ್ದರೆ ಯಾರೂ ಡಿಸ್ಕ್ ತೆರೆಯಲಾರರು, ನಾನೂ ತೆರೆಯಲಾರೆ. ಅಲ್ಲಿ ಬೇರೆಯವರ ಇ-ಮೇಲ್ ಕಂಡರೆ ಮೊದಲು ಲೆಕ್ಕದ ಕಡತಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿ. ಆಮೇಲೆ ‘ಬಿಟ್‌ಲಾಕರ್’ ಎಂದು (ಡಿಸ್ಕನ್ನು ಗೂಢಲಿಪಿಗೆ ತಿರುಗಿಸುವ ಸೌಲಭ್ಯದ ಹೆಸರು ಅದು) ಹುಡುಕಿ, ಕೀಲಿಯನ್ನು ಮುದ್ರಿಸುವ ಆಯ್ಕೆ ಇದ್ದರೆ ಕಾಗದದ ಮೇಲೆ ತೆಗೆದಿಟ್ಟುಕೊಳ್ಳಿ. ಇಲ್ಲವಾದರೆ ಆ ಅಂಗಡಿಗೇ ಹೋಗಿ, ಅವರ ಖಾತೆಯಲ್ಲಿರುವ ಕೀಲಿಯನ್ನು ನಿಮ್ಮ ಎದುರಿಗೇ ಬರೆದುಕೊಡಲು ಹೇಳಿ. ನಿಮ್ಮ 30 ದಿನ ಮುಗಿದ ಮೇಲೆ ಆ ಖಾತೆಯನ್ನು ತೆಗೆಸಿ ನಿಮ್ಮದನ್ನು ಹಾಕಿಸಿ.

ಕೋರಿಕೆ ಸಲ್ಲಿಸಿದ ತಾರೀಖನ್ನು ಮಂಡಿಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಮೂವತ್ತೊಂದನೆಯ ದಿನ ಹೊಸ ಸಿಮ್ ಇರುವ ಫೋನನ್ನು ಪಕ್ಕದಲ್ಲಿಟ್ಟುಕೊಂಡು ಸೈನ್ ಇನ್ ಒತ್ತಿ.